ಹಾರದ ವಿಮಾನದ ಅಂಕ

ಟೀಚರ ಪರವಾಗಿ ನಾನು ತುಂಬುತ್ತಿದ್ದ ವಿಮಾನ ಸಂಸ್ಥೆಯ ಅರ್ಜಿಯಲ್ಲಿ ಮುಖ್ಯವಾಗಿ ಎರಡೇ ಪ್ರಶ್ನೆ. ಯಾವ ದಿನ ಪ್ರಯಾಣ ಮಾಡಿದಿರಿ? ಯಾವ ವಿಮಾನದಲ್ಲಿ? ದಿನಾಂಕ ತುಂಬಿದೆ. ಎರಡನೆಯ ಜಾಗದಲ್ಲಿ ಟೀಚರು ನಿಜವಾಗಿ ಹತ್ತಿ ಬಂದ ವಿಮಾನದ ಸಂಖ್ಯೆ ಹಾಕಿದೆ. ಕೆಂಪಕ್ಷರ ಬಂತು: ‘ಈ ವಿಮಾನ ನಮ್ಮ ಸಂಸ್ಥೆಗೆ ಸೇರಿದ್ದಲ್ಲ.’ ಅದನ್ನು ಅಳಿಸಿ, ಟಿಕೆಟ್ ತೆಗೆದಾಗ ಇದ್ದ ವಿಮಾನದ ಸಂಖ್ಯೆ ಹಾಕಿದೆ. ಮತ್ತೆ ಕೆಂಪು: ‘ಈ ವಿಮಾನ ಆ ದಿನ ಹಾರಿಲ್ಲ.’

ಹಾರಿದ್ದು ಅವರದಲ್ಲ, ಅವರದು ಹಾರಿಲ್ಲ. ಎರಡೂ ನಿಜವೇ. ಸುಳ್ಳು ಹೇಳುವವರನ್ನು ಹಿಡಿಯುವುದು ನನಗೆ ಗೊತ್ತಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಅದನ್ನೇ ಮಾಡಿದ್ದೆ. ಎರಡು ನಿಜಗಳ ನಡುವೆ ಒಬ್ಬ ಹೆಂಗಸನ್ನು ಸಿಕ್ಕಿಸಿ ಕೈ ತೊಳೆದುಕೊಳ್ಳುವವರನ್ನು ಏನು ಮಾಡಬೇಕೆಂದು ಅಲ್ಲಿ ಯಾರೂ ಕಲಿಸಿರಲಿಲ್ಲ.

ನಾನು ಕೆಲಸ ಮಾಡುವುದು ಬೀದರಿನ ಗಾಂಧಿ ಗಂಜ ಎಂಬ ಧಾನ್ಯದ ಪೇಟೆಯ ಹಿಂದಿನ ರಸ್ತೆಯ ಒಂದು ಟಿಕೆಟ್ ಕಚೇರಿಯಲ್ಲಿ. ಕಚೇರಿ ಎಂದರೆ ಉದ್ದನೆಯ ಒಂದು ಕೋಣೆ, ಎರಡು ಕಂಪ್ಯೂಟರ್, ನಾನು ಮತ್ತು ಮಾಲಕರು. ಮಾಲಕರ ತಂದೆ ಇದೇ ಕೋಣೆಯಲ್ಲಿ ಅಡತಿ ಅಂಗಡಿ ಇಟ್ಟಿದ್ದರು. ರೈತರು ತಂದ ತೊಗರಿ, ಉದ್ದು ಮಾರಿಸಿಕೊಡುವ ವ್ಯಾಪಾರ. ಈಗಲೂ ಸುಗ್ಗಿಯಲ್ಲಿ ಹಮಾಲರ ಗದ್ದಲಕ್ಕೆ ನಾನು ಫೋನಿನಲ್ಲಿ ಕಿರುಚಿಯೇ ಮಾತಾಡಬೇಕು. ಮಾಲಕರನ್ನು ನಾನು ಕಾಕಾ ಎನ್ನುತ್ತೇನೆ. ಅವರು ಸಿಟ್ಟು ಬಂದಾಗ ನನ್ನನ್ನು ವಕೀಲಬಾಯಿ ಎನ್ನುತ್ತಾರೆ. ಸಿಟ್ಟಿಲ್ಲದಾಗಲೂ ಹಾಗೆಯೇ ಎನ್ನುತ್ತಾರೆ.

ಟೀಚರು ಭಾಲ್ಕಿಯವರು. ಶಾಲೆಯಲ್ಲಿ ಪಿ.ಟಿ. ಟೀಚರ್, ಹೊರಗೆ ಖೋಖೋ ತೀರ್ಪುಗಾರ್ತಿ. ರಾಷ್ಟ್ರಮಟ್ಟದ ಪಂದ್ಯಗಳಿಗೆ ಕರೆ ಬಂದಾಗ ವಿಮಾನದ ಟಿಕೆಟನ್ನು ಕ್ರೀಡಾ ಮಂಡಳಿಯವರು ನಮ್ಮ ಕಚೇರಿಯಿಂದಲೇ ತೆಗೆಸುತ್ತಿದ್ದರು. ಟೀಚರು ಒಂದು ವಿಮಾನ ಸಂಸ್ಥೆಯ ಪ್ರಯಾಣಿಕರ ಯೋಜನೆಗೆ ಸದಸ್ಯೆ. ಹಾರಿದಷ್ಟೂ ಅಂಕ, ಸಾಕಷ್ಟು ಅಂಕ ಕೂಡಿದರೆ ಒಂದು ಟಿಕೆಟ್ ಪುಕ್ಕಟೆ, ತನಗೂ ಆಗಬಹುದು, ತಾನು ಹೇಳಿದವರಿಗೂ ಆಗಬಹುದು. ನಾಲ್ಕು ವರ್ಷದಿಂದ ಅವರು ಒಂದಂಕವನ್ನೂ ಮುಟ್ಟಿರಲಿಲ್ಲ.

ಐದು ತಿಂಗಳ ಹಿಂದೆ ದೆಹಲಿಯಿಂದ ಹೈದರಾಬಾದಿಗೆ ಅವರು ಮರಳಬೇಕಿದ್ದ ಸಂಜೆಯ ವಿಮಾನ ರದ್ದಾಗಿತ್ತು. ಮರುದಿನ ಶಾಲೆಯಲ್ಲಿ ಪರೀಕ್ಷಾ ಕೆಲಸವಿತ್ತು. ಟೀಚರು ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಿಂತು ಕದಲದೆ ಇದ್ದಾಗ, ಅಲ್ಲಿಯವರು ಅದೇ ಸಂಜೆಯ ಬೇರೊಂದು ಸಂಸ್ಥೆಯ ವಿಮಾನಕ್ಕೆ ಅವರನ್ನು ಹತ್ತಿಸಿ ಕಳಿಸಿದ್ದರು. ಊರು ಸೇರಿದರು, ವಿಷಯ ಮುಗಿಯಿತು ಅಂದುಕೊಂಡಿದ್ದೆವು. ಆ ಪ್ರಯಾಣದ ಅಂಕ ಮಾತ್ರ ಯಾರ ಖಾತೆಗೂ ಸೇರದೆ ಗಾಳಿಯಲ್ಲೇ ಉಳಿದಿತ್ತು.

ಅದು ಈಗ ಯಾಕೆ ಬೇಕಾಯಿತೆಂದರೆ, ಗುವಾಹಟಿಯಲ್ಲಿ ಖೋಖೋ ಶಿಬಿರದ ಆಯ್ಕೆಯಿತ್ತು. ಟೀಚರ ಕೈಯಲ್ಲಿ ಪಳಗಿದ ಔರಾದಿನ ಒಬ್ಬ ಹುಡುಗಿಯ ಹೆಸರು ಪಟ್ಟಿಯಲ್ಲಿತ್ತು. ಭಾಲ್ಕಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದವಳು. ಆಯ್ಕೆ ಸೋಮವಾರ. ಅವಳ ಕೊನೆಯ ಪರೀಕ್ಷೆ ಅದರ ಹಿಂದಿನ ಶನಿವಾರ ಮಧ್ಯಾಹ್ನದವರೆಗೆ. ರೈಲು ಹಿಡಿದರೆ ಸೋಮವಾರ ಅವಳು ಇನ್ನೂ ಬಂಗಾಳದಲ್ಲಿರುತ್ತಾಳೆ. ಟೀಚರು ಶಿಬಿರದ ಕೆಲಸಕ್ಕೆ ಒಂದು ವಾರ ಮೊದಲೇ ಅಲ್ಲಿರಬೇಕಿತ್ತು. ಆಯ್ಕೆಯಾದವರ ಖರ್ಚು ಮಾತ್ರ ಮಂಡಳಿಯದು, ಆಯ್ಕೆಗೆ ಬರುವವರದಲ್ಲ. ಹುಡುಗಿ ಭಾನುವಾರ ಹಾರಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು. ಟೀಚರ ಖಾತೆಯಲ್ಲಿ ಆ ಟಿಕೆಟಿಗೆ ಕಮ್ಮಿ ಬಿದ್ದದ್ದು ಆ ಒಂದು ದೆಹಲಿ ಪ್ರಯಾಣದಷ್ಟೇ.

“ಕಮ್ಮಿ ಬಿದ್ದಷ್ಟು ಅಂಕ ರೊಕ್ಕ ಕೊಟ್ಟು ತಗೋಬಹುದಲ್ರಿ ಟೀಚರ್,” ಎಂದರು ಮಾಲಕರು. “ಕಂಪನ್ಯಾಗ ಮಾರ್ತಾರ. ನಾ ಕೊಡ್ತೇನಿ.”

“ನನ್ನವೇ ನನಗ ಮಾರ್ತಾರೇನ್ರಿ ಅಣ್ಣಾ?”

“ಚಂದಾ ಎತ್ತೋಣು ಹಂಗಾರ. ಗಂಜದಾಗ ನಾಕು ಅಂಗಡಿ ತಿರಗಿದ್ರ ಆಯ್ತು.”

“ಹೋದ ವರ್ಷ ಎತ್ತಿದ್ವಿ. ಒಬ್ಬರು ಒಂದು ಜೋಡಿ ಬೂಟು ಕೊಡಿಸಿ ಬಸ್‌ಸ್ಟ್ಯಾಂಡ್ ಮುಂದ ಬ್ಯಾನರ್ ಹಾಕ್ಸಿದ್ರು. ಅವರ ಮುಖ ಇಷ್ಟು ದೊಡ್ಡದು, ಈ ಪೋರಿದು ಇಷ್ಟು.” ಟೀಚರು ಹೆಬ್ಬೆರಳಿನ ಉಗುರು ತೋರಿಸಿದರು. “ಆಕಿ ಆ ಪಂದ್ಯದಾಗ ಬೂಟ್ ನೋಡ್ಕೋತ ಓಡಿದ್ಳು. ಬ್ಯಾಡ. ನಾ ಕುಂತ ಬಂದ ವಿಮಾನದ ಲೆಕ್ಕ ನನಗ ಬರಲಿ, ಅದ್ರಾಗ ಹೋಗ್ತಾಳ.” ನಂತರ ನನ್ನ ಕಡೆ ತಿರುಗಿ, “ಪೋರಿಗಿ ಈಗೇ ಏನೂ ಹೇಳಬ್ಯಾಡ ತಂಗಿ. ಪರೀಕ್ಷಾ ಬರೀಲಿ,” ಎಂದರು.

ಆ ಭಾನುವಾರಕ್ಕೆ ಇನ್ನು ಹದಿನೆಂಟು ದಿನ ಇತ್ತು.

ಮೊದಲು ಸಹಾಯವಾಣಿಗೆ ಫೋನು ಮಾಡಿದೆ. ಹಾಡು ಕೇಳಿಸಿ, ಭಾಷೆ ಆರಿಸಲು ಹೇಳಿ, ಮತ್ತೆ ಹಾಡು ಕೇಳಿಸಿ, ಕೊನೆಗೆ ಸಿಕ್ಕವರು, “ನೀವು ಹಾರಿದ ಸಂಸ್ಥೆಯನ್ನೇ ಕೇಳಿ,” ಎಂದರು. ಆ ಸಂಸ್ಥೆಯನ್ನು ಕೇಳಿದೆ. “ಅವರು ನಮ್ಮ ಸದಸ್ಯರಲ್ಲ,” ಎಂದರು. ಅದೂ ನಿಜವೇ.

ಆಮೇಲೆ ಸದಸ್ಯರ ನಿಯಮಾವಳಿ ಇಳಿಸಿಕೊಂಡು ಎರಡು ದಿನ ಕೂತು ಓದಿದೆ. ಮೂವತ್ತನಾಲ್ಕನೆಯ ಪುಟದಲ್ಲಿ ಬೇಕಾದದ್ದು ಸಿಕ್ಕಿತು. ಸಂಸ್ಥೆಯೇ ವಿಮಾನ ರದ್ದು ಮಾಡಿ ಸದಸ್ಯರನ್ನು ಬೇರೆ ಸಂಸ್ಥೆಯ ವಿಮಾನಕ್ಕೆ ಕಳಿಸಿದರೆ, ಮೂಲ ಟಿಕೆಟಿನಲ್ಲಿದ್ದ ಪ್ರಯಾಣ ಮತ್ತು ದರ್ಜೆಯ ಪ್ರಕಾರವೇ ಅಂಕ ಕೊಡಬೇಕು. ಆರು ತಿಂಗಳೊಳಗೆ ಕೇಳಬೇಕು. ಬದಲಾವಣೆ ಸದಸ್ಯರ ಸ್ವಂತ ಇಚ್ಛೆಯಿಂದ ಆಗಿರಬಾರದು. ಓದಿ ನಾನು ಮೇಜು ಗುದ್ದಿದೆ. ಕಾಕಾ ಚಹಾದ ಕಪ್ಪು ಹಿಡಿದುಕೊಂಡರು.

ಅಂದೇ ಒಂದು ಪತ್ರ ಬರೆದೆ. ಏಳು ವಾದ. ನಿಯಮ, ನ್ಯಾಯ, ಗ್ರಾಹಕರ ಹಕ್ಕು, ಹಿಂದಿನ ನಾಲ್ಕು ವರ್ಷದ ನಿಷ್ಠೆ, ಹೆಣ್ಣುಮಕ್ಕಳ ಕ್ರೀಡೆ, ಸಹಾಯವಾಣಿಯ ಹಾಡು, ಅರ್ಜಿಯ ವಿನ್ಯಾಸದ ದೋಷ. ಇದಕ್ಕೆ ಉತ್ತರ ಕೊಡುವವರು ಹುಟ್ಟಿಲ್ಲ ಅನ್ನಿಸಿತ್ತು. ಮೂರು ದಿನಕ್ಕೆ ಉತ್ತರ ಬಂತು: ಸಹಾಯವಾಣಿಯ ಹಾಡಿನಿಂದ ತಮಗಾದ ತೊಂದರೆಗೆ ವಿಷಾದಿಸುತ್ತೇವೆ, ತಾವು ಪ್ರಯಾಣಿಸಿದ ವಿಮಾನದ ಬೋರ್ಡಿಂಗ್ ಪಾಸ್ ಲಗತ್ತಿಸಿ. ಏಳರಲ್ಲಿ ಅತಿ ಬಡಕಲಾದುದನ್ನು ಆರಿಸಿಕೊಂಡು ಉಳಿದ ಆರನ್ನು ಅವರು ದಾಟಿಕೊಂಡು ಹೋಗಿದ್ದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಬೋರ್ಡಿಂಗ್ ಪಾಸಿಗಾಗಿ ಮರುದಿನ ಭಾಲ್ಕಿಗೆ ಹೋದೆ. ಮೈದಾನದಲ್ಲಿ ಟೀಚರು ಸೀಟಿ ಕಚ್ಚಿಕೊಂಡು ನಿಂತಿದ್ದರು. ಕೇಳಿದ ಕೂಡಲೇ ಸೀಟಿ ತೆಗೆದು ನಾಲಿಗೆ ಕಚ್ಚಿದರು.

“ಅದು ನನ್ನ ಬಲ್ಲಿ ಇಲ್ಲ ತಂಗಿ. ಕೊಟ್ಟುಬಿಟ್ಟೇನಿ.”

“ಯಾರಿಗ್ರಿ?”

“ಬಹುಮಾನ.”

ಟೀಚರದು ಒಂದು ಪದ್ಧತಿಯಿತ್ತು. ತಿಂಗಳ ಕೊನೆಯ ಆಟದಲ್ಲಿ ಯಾವ ಹುಡುಗಿ ಎಲ್ಲರಿಗಿಂತ ಹೆಚ್ಚು ಹೊತ್ತು ಔಟಾಗದೆ ಉಳಿಯುತ್ತಾಳೋ ಅವಳಿಗೆ ತಮ್ಮದೊಂದು ಬೋರ್ಡಿಂಗ್ ಪಾಸ್ ಕೊಡುತ್ತಿದ್ದರು. ಕಪ್, ಪದಕಕ್ಕೆ ಶಾಲೆಯಲ್ಲಿ ದುಡ್ಡಿಲ್ಲ. ಇದಕ್ಕೆ ದುಡ್ಡು ಬೇಕಿಲ್ಲ. ಆ ಮೈದಾನದಲ್ಲಿ ಒಂದು ಬೋರ್ಡಿಂಗ್ ಪಾಸಿಗಾಗಿ ಮೊಣಕಾಲು ಕೆತ್ತಿಸಿಕೊಂಡ ಹುಡುಗಿಯರು ಎಷ್ಟೋ. ದೆಹಲಿಯದನ್ನು ಗೆದ್ದವಳು ಅದೇ ಔರಾದಿನ ಹುಡುಗಿ. ಪರೀಕ್ಷೆಯ ಓದಿನ ರಜೆಗೆ ಅವಳು ಮನೆಗೆ ಹೋಗಿದ್ದಳು.

“ಇಂಥ ದಾಖಲೆ ಯಾರಾದ್ರೂ ಹಂಚ್ತಾರೇನ್ರಿ ಟೀಚರ್?” ಎಂದೆ.

“ದಾಖಲಿ ಅಂತ ನನಗೇನ್ ಗೊತ್ತು? ಇಳದ ಮ್ಯಾಲ ಅದಕ್ಕ ಏನ್ ಕಿಮ್ಮತ್ತು?” ಎಂದರು.

ಭಾಲ್ಕಿಯಿಂದಲೇ ಔರಾದಿನ ಬಸ್ಸು ಹಿಡಿದೆ. ಊರ ಅಂಚಿನಲ್ಲಿ ಎರಡು ಕೋಣೆಯ ಮನೆ, ಎದುರು ಗೋಡೆಯಲ್ಲಿ ಬುದ್ಧನ ಚಿತ್ರ, ಕೆಳಗೆ ಒಣಹಾಕಿದ ಮೆಣಸಿನಕಾಯಿ. ಹುಡುಗಿಯ ತಾಯಿ ಅಂಗನವಾಡಿ ಸಹಾಯಕಿ. ಬೀದರಿನಿಂದ ಬಂದೆ ಎಂದ ಕೂಡಲೇ ನೀರು ಕೊಟ್ಟು ಎದುರಿಗೆ ಕೂತರು.

“ಯಾವ ಚೀಟಿ ಬಾಯಿ?”

“ವಿಮಾನದ್ದು ರೀ. ಟೀಚರ್ ಕೊಟ್ಟದ್ದು. ಒಂದು ಫೋಟೋ ಬೇಕು.”

“ಅಯ್ಯ, ಫೋಟೋಕ್ಕ ಇಷ್ಟು ದೂರ ಬಂದ್ಯಾ? ಬಸ್ಸಿನ ಖರ್ಚು ಯಾರ್ ಕೊಡ್ತಾರ ನಿನಗ?”

ಹುಡುಗಿ ಒಳಗಿನಿಂದ ಅರ್ಥಶಾಸ್ತ್ರದ ಪುಸ್ತಕ ಹಿಡಿದೇ ಬಂದಳು. ಎತ್ತರವಿಲ್ಲ, ನಿಂತಾಗಲೂ ಒಂದು ಹಿಮ್ಮಡಿ ನೆಲ ಬಿಟ್ಟಿತ್ತು. “ಅದು ನಂದದ ಅಕ್ಕಾ,” ಎಂದಳು. “ಒಂಬತ್ತು ನಿಮಿಷ ಔಟಾಗಿಲ್ಲ ನಾ. ವಾಪಸ್ ಕೊಡಂಗಿಲ್ಲ.”

“ವಾಪಸ್ ಬ್ಯಾಡ. ನೋಡಿ ಫೋಟೋ ಹೊಡ್ಕೋತೇನಿ.”

“ಯಾಕ?”

ಚರ್ಚೆಯಲ್ಲಿ ನೇರ ಪ್ರಶ್ನೆಗೆ ಪ್ರತಿಪ್ರಶ್ನೆ ಹಾಕುವುದು ನನ್ನ ಹಳೆಯ ಚಾಳಿ. ಅವಳ ಮುಂದೆ ಅದು ನಡೆಯಲಿಲ್ಲ. “ಟೀಚರಿಗಿ ಒಂದು ಲೆಕ್ಕ ಬರೋದದ. ಕಂಪನ್ಯಾವ್ರು ಕೊಡಲ್ಲ ಅಂತಾರ. ನೀವು ಕುಂತಿದ್ದಕ್ಕ ಸಬೂತು ಏನು ಅಂತಾರ,” ಎಂದೆ. ಅಷ್ಟು ನಿಜ ಸಾಕಿತ್ತು.

ಕಬ್ಬಿಣದ ಟ್ರಂಕನ್ನು ಎಳೆದು ತಂದು ಮುಚ್ಚಳ ತೆರೆದಳು. ಮುಚ್ಚಳದ ಒಳಗೆ ನಟ್ಟನಡುವೆ, ನಾಲ್ಕು ಮೂಲೆಗೂ ಗೋಂದು ಬಳಿದು, ಬೋರ್ಡಿಂಗ್ ಪಾಸನ್ನು ಅಂಟಿಸಿದ್ದಳು. ಟೀಚರ ಹೆಸರು, ವಿಮಾನದ ಸಂಖ್ಯೆ, ಸೀಟಿನ ಸಂಖ್ಯೆ ಎಲ್ಲ ಸ್ಪಷ್ಟ. ಕೀಳುವ ಮಾತೇ ಇರಲಿಲ್ಲ. ತಾಯಿ ಟ್ರಂಕನ್ನು ಬೆಳಕಿಗೆ ಎತ್ತಿ ಹಿಡಿದರು, ಹುಡುಗಿ ಮುಚ್ಚಳ ಹಿಡಿದಳು, ನಾನು ಹನ್ನೊಂದು ಫೋಟೋ ತೆಗೆದೆ.

ಹೊರಡುವಾಗ ತಾಯಿ ಬಾಗಿಲ ತನಕ ಬಂದು ದನಿ ಇಳಿಸಿದರು. “ಇದು ಅಸ್ಸಾಂ ಕಡಿ ಹೋಗೋದಕ್ಕಾ?”

“ಮದಲ್ ಪರೀಕ್ಷಾ ಮುಗೀಲಿ ರೀ,” ಎಂದೆ.

“ಆಯ್ತು ಬಿಡು. ನಾನೂ ಆಕಿಗಿ ಹೇಳಲ್ಲ,” ಎಂದರು.

ಫೋಟೋ ಕಳಿಸಿದೆ. ಈ ಸಲ ಉತ್ತರ ಮರುದಿನವೇ ಬಂತು, ಮೂರೇ ಸಾಲು. ಪ್ರಯಾಣ ಖಚಿತವಾಗಿದೆ. ಆದರೆ ದಾಖಲೆಯ ಪ್ರಕಾರ ಪ್ರಯಾಣಿಕರ ಪರವಾಗಿ ಅಂದು ಬೆಳಿಗ್ಗೆಯೇ ಟಿಕೆಟನ್ನು ಸ್ವಇಚ್ಛೆಯಿಂದ ಮರುದಿನಕ್ಕೆ ಬದಲಾಯಿಸಲಾಗಿತ್ತು. ಆದ್ದರಿಂದ ಅಂಕಕ್ಕೆ ಅರ್ಹತೆಯಿಲ್ಲ.

“ಸುಳ್ಳು!” ಎಂದು ಕೂಗಿದೆ. “ನೋಡ್ರಿ ಕಾಕಾ, ಎಂಥಾ ಹಸಿ ಸುಳ್ಳು ಬರದಾರ. ಟೀಚರ್ ಮರುದಿನಕ್ಕ ಯಾಕ ಬದಲ್ ಮಾಡ್ತಾರ? ಅವ್ರಿಗಿ ಅದೇ ದಿನ ಬರೋದಿತ್ತು!”

ಕಾಕಾ ಕನ್ನಡಕ ತೆಗೆದರು. ನಾನು ಟಿಕೆಟಿನ ಇತಿಹಾಸ ತೆರೆದೆ. ಯಾವ ಟಿಕೆಟಿಗೆ ಯಾರು ಯಾವಾಗ ಕೈ ಹಾಕಿದರು ಎಂಬುದು ನಮ್ಮ ಕಂಪ್ಯೂಟರಿನಲ್ಲಿ ಸಾಲಾಗಿ ಸಿಗುತ್ತದೆ. ಮರುದಿನಕ್ಕೆ ಬದಲಾವಣೆ: ಹೌದು, ಆಗಿತ್ತು. ಮಾಡಿದವರ ಸಂಕೇತ ನೋಡಿದೆ. ಅದು ನಮ್ಮ ಕಚೇರಿಯದು.

“ನಾನೇ ಒತ್ತಿದ್ದೆ,” ಎಂದರು ಕಾಕಾ, ಕನ್ನಡಕ ಒರೆಸುತ್ತ. “ಮುಂಜಾನಿ ರದ್ದು ಅಂತ ಮೆಸೇಜ್ ಬಂತು. ಕೆಳಗ ಎರಡು ಬಟನ್. ರೊಕ್ಕ ವಾಪಸ್ಸಾ, ಮರುದಿನದ ಸೀಟಾ? ಎಲ್ಲರೂ ಮುಗಿಬೀಳ್ತಾರ, ಮದಲ್ ಒಂದು ಸೀಟು ಹಿಡದಿಟ್ರ ಆಯ್ತು, ಆಮ್ಯಾಲ ಜಗಳ ಮಾಡೋಣು ಅಂತ ಒತ್ತಿದೆ. ಗಂಜದಾಗ ಹಂಗೇ. ಮದಲ್ ಮಾಲಿನ ಮ್ಯಾಲ ಕೈ ಇಡಬೇಕು. ಟೀಚರಿಗಿ ಹೇಳೋದ್ರಾಗ ಅವ್ರು ಕೌಂಟರ್‌ನ್ಯಾಗ ಜಗಳ ಗೆದ್ದು ಬ್ಯಾರೆ ವಿಮಾನ ಹತ್ತಿದ್ರು. ನಾ ಮರತೆ.”

ರದ್ದತಿಯ ಸಾಲು ನಮ್ಮ ಪರದೆಯಲ್ಲಿರಲಿಲ್ಲ. ಅದು ಸಂಸ್ಥೆಯ ಕಡೆಯದು. ನಮ್ಮ ಕಡೆ ಕಾಣುತ್ತಿದ್ದದ್ದು ನಮ್ಮ ಬೆರಳಿನ ಗುರುತು ಮಾತ್ರ.

“ಹಿಂಗ್ ಬರೀ,” ಎಂದರು ಕಾಕಾ. “ಸಿಸ್ಟಮ್ ತಾನೇ ಬದಲ್ ಮಾಡ್ಯಾದ, ನಮಗ ಗೊತ್ತಿಲ್ಲ.”

ನಾನು ಹಾಗೆಯೇ ಬರೆಯಲು ಶುರುಮಾಡಿದೆ. ಅದನ್ನು ಮುಚ್ಚಿಡುವುದಿಲ್ಲ. ಚರ್ಚೆಯಲ್ಲಿ ನಮ್ಮ ಪಕ್ಷದ ತೂತನ್ನು ತೋರಿಸುವುದು ಎದುರಾಳಿಯ ಕೆಲಸ, ನಮ್ಮದಲ್ಲ. ಎರಡು ಪ್ಯಾರಾ ಬರೆದೆ, ಚೆನ್ನಾಗಿಯೇ ಬಂದಿತ್ತು. ಆಮೇಲೆ ಎದುರಿನವರು ಇದಕ್ಕೆ ಏನು ಹೇಳಬಹುದು ಎಂದು ಅಭ್ಯಾಸದಂತೆ ಯೋಚಿಸಿದೆ. ಅವರು ಏನೂ ಹೇಳಬೇಕಿಲ್ಲ. ನಮ್ಮ ಸಂಕೇತ ತೋರಿಸಿದರೆ ಸಾಕು. ಅಲ್ಲಿಗೆ ಟೀಚರ ನಿಜವೂ ನಮ್ಮ ಸುಳ್ಳಿನ ಜೊತೆ ಹೋಗುತ್ತದೆ.

ಬರೆದದ್ದನ್ನೆಲ್ಲ ಅಳಿಸಿದೆ. “ಕಾಕಾ, ಒತ್ತಿದವ್ರು ನಾವೇ ಅಂತ ಬರೀತೇನಿ.”

“ತಲಿ ಕೆಟ್ಟದಾ? ಮಂಡಳಿಯವ್ರಿಗಿ ಗೊತ್ತಾದ್ರ ನಾಳಿಂದ ಟಿಕೆಟ್ ಬ್ಯಾರೆ ಕಡಿ. ಇಜ್ಜತ್ ಅಂಬೋದು ಅದಾ ಇಲ್ಲ? ಈ ಗಂಜದಾಗ ತೂಕದ ಕಾಟಾ ತಪ್ಪಾಗ್ಯಾದ ಅಂತ ಬಾಯಿ ಬಿಟ್ಟ ಅಡತಿಯವ ಮರುದಿನ ಅಂಗಡಿ ತಗದದ್ದು ನಾ ನೋಡಿಲ್ಲ.”

“ಕಾಟಾ ತಪ್ಪಿಲ್ಲ ಕಾಕಾ. ನೀವು ಒತ್ತಿದ್ದು ಅವ್ರು ರದ್ದು ಮಾಡಿದ ಮ್ಯಾಲ. ಮನಿಗಿ ಬೆಂಕಿ ಹತ್ತಿದಾಗ ಹೊರಗ ಓಡಿದವ್ನು ಸ್ವಂತ ಖುಷಿಲಿಂದ ಮನಿ ಬಿಟ್ಟ ಅಂತ ಬರಕೋತಾರಾ? ಯಾವುದು ಮದಲು, ಅಷ್ಟೇ ಪ್ರಶ್ನೆ.”

“ಮದಲು ಅಂತ ತೋರಸ್ತಿ ಹ್ಯಾಂಗ? ಆ ಇಮೇಲ್ ಎಲ್ಲಾ ನಾ ಅಳಿಸೇನಿ. ಡಬ್ಬಿ ತುಂಬಿತ್ತು.”

ಟೀಚರಿಗೆ ಫೋನು ಮಾಡಿದೆ. ಅವರ ಮೊಬೈಲಿನಲ್ಲೂ ಆ ಮೆಸೇಜ್ ಇರಲಿಲ್ಲ; ಹುಡುಗಿಯರ ಆಟದ ವಿಡಿಯೋಗಳಿಗೆ ಜಾಗ ಬೇಕೆಂದು ಹಳೆಯದನ್ನೆಲ್ಲ ಒರೆಸಿದ್ದರು. ನಾನು ಕಾಕಾ ಮಾಡಿದ್ದನ್ನು ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ.

“ಎಷ್ಟು ದಿನ ಉಳಿದದ ತಂಗಿ?” ಎಂದರು.

“ಒಂಬತ್ತು.”

“ಹಂಗಾರ ಈಗ ದಿಕ್ಕು ಬದಲಸಬ್ಯಾಡ. ಬೆನ್ನಟ್ಟಾಕ ಎದ್ದವಳು ಒಂದು ಕಡಿ ಹೆಜ್ಜಿ ಇಟ್ಟಳಂದ್ರ ಅದೇ ಕಡಿ ಓಡಬೇಕು. ಆ ಕಡಿ ಈ ಕಡಿ ತಿರಗಿದ್ರ ನಾನೇ ಫೌಲ್ ಕೊಡ್ತೇನಿ.” ಆಮೇಲೆ, “ಅಣ್ಣನಿಗಿ ಹೇಳು, ನಾ ಮಂಡಳಿಯವ್ರಿಗಿ ಸ್ವತಾ ಮಾತಾಡ್ತೇನಿ. ಅವ್ರು ನನಗ ಸೀಟ್ ಹಿಡದಿಡಾಕ ಒತ್ತ್ಯಾರ, ಕದಿಯಾಕಲ್ಲ,” ಎಂದರು.

ಫೋನು ಸ್ಪೀಕರಿನಲ್ಲಿತ್ತು. ಕಾಕಾ ಎದ್ದು ಗೋಡೆಯ ಕಡೆ ಹೋದರು. ಒಂದು ಕ್ಷಣ ಕಣ್ಣು ಒರೆಸಿಕೊಳ್ಳಲು ಹೋದರೇನೋ ಎಂದುಕೊಂಡೆ. ಅಲ್ಲ, ಗೋಡೆಯ ಮೊಳೆಯಿಂದ ತಂತಿ ಇಳಿಸುತ್ತಿದ್ದರು.

ಈ ತಂತಿಯ ಬಗ್ಗೆ ನಾನು ಅವರನ್ನು ಎಷ್ಟು ಸಲ ಗೇಲಿ ಮಾಡಿದ್ದೇನೋ. ಗಂಜದ ಹಳೆಯ ಅಂಗಡಿಗಳಲ್ಲಿ ಬಂದ ಪ್ರತಿ ಚೀಟಿಯನ್ನೂ ಒಂದು ಕೊಕ್ಕೆ ತಂತಿಗೆ ಚುಚ್ಚಿ ಏರಿಸುತ್ತಾರೆ. ಯಾರ ಮಾಲು ಮೊದಲು ಬಂತು ಎಂಬ ತಕರಾರು ಎದ್ದರೆ ತಂತಿ ಇಳಿಸಿ ನೋಡುತ್ತಾರೆ; ಕೆಳಗಿನ ಚೀಟಿ ಮೊದಲಿನದು. ಅದಕ್ಕೇ ನಡುವಿನಿಂದ ಯಾರೂ ಚೀಟಿ ಕೀಳುವುದಿಲ್ಲ. ಕಾಕಾ ಟಿಕೆಟ್ ಕಚೇರಿ ತೆರೆದ ಮೇಲೂ ಆ ಚಾಳಿ ಬಿಟ್ಟಿರಲಿಲ್ಲ. ಇಮೇಲ್ ಬಂದರೆ ಮುದ್ರಿಸಿ ಚುಚ್ಚುತ್ತಿದ್ದರು. ಕಾಗದ ದಂಡ, ಇದೆಲ್ಲ ಕಂಪ್ಯೂಟರಿನಲ್ಲೇ ಇರುತ್ತದೆ ಎಂದು ನಾನೇ ಭಾಷಣ ಮಾಡಿದ್ದೆ. ಈಗ ಕಂಪ್ಯೂಟರಿನಲ್ಲಿ ಇರಲಿಲ್ಲ.

ಆ ತಿಂಗಳ ತಂತಿಯನ್ನು ಮೇಜಿನ ಮೇಲೆ ಮಲಗಿಸಿ ಇಬ್ಬರೂ ಹಾಳೆ ಹಾಳೆಯಾಗಿ ಮೇಲಿನಿಂದ ಸರಿಸುತ್ತ ಬಂದೆವು. ಮರುದಿನದ ಸೀಟು ಖಚಿತವಾಯಿತೆಂಬ ಹಾಳೆ ಸಿಕ್ಕಿತು: ಬೆಳಿಗ್ಗೆ ಏಳು ಗಂಟೆ ಮೂವತ್ತೊಂದು ನಿಮಿಷ. ಅದರ ಕೆಳಗಿನ ಹಾಳೆ: ‘ಕಾರ್ಯಾಚರಣೆಯ ಕಾರಣಗಳಿಂದ ತಮ್ಮ ವಿಮಾನವನ್ನು ರದ್ದುಗೊಳಿಸಲಾಗಿದೆ.’ ಏಳು ಗಂಟೆ ಹನ್ನೆರಡು ನಿಮಿಷ. ತಂತಿ ಚುಚ್ಚಿದ ತೂತು ಸರಿಯಾಗಿ ಮೇಲಿನ ವಿಮಾನದ ಚಿತ್ರದ ಹೊಟ್ಟೆಯಲ್ಲಿತ್ತು.

“ಹತ್ತೊಂಬತ್ತು ನಿಮಿಷ,” ಎಂದೆ.

“ತಗಿಬ್ಯಾಡ, ತಗಿಬ್ಯಾಡ. ತಂತಿ ಮ್ಯಾಲೇ ಇಟ್ಟು ಫೋಟೋ ಹೊಡಿ,” ಎಂದರು ಕಾಕಾ.

ಹಾಗೆಯೇ ಹೊಡೆದೆ. ಈ ಬಾರಿಯ ಪತ್ರದಲ್ಲಿ ಏಳು ವಾದಗಳಿರಲಿಲ್ಲ. ನೀವು ರದ್ದು ಮಾಡಿದ್ದು ಇಷ್ಟು ಗಂಟೆಗೆ. ನಿಮ್ಮ ಸಂದೇಶದಲ್ಲಿದ್ದ ಗುಂಡಿಯನ್ನು ನಮ್ಮ ಕಚೇರಿ ಪ್ರಯಾಣಿಕರನ್ನು ಕೇಳದೆ ಒತ್ತಿದ್ದು ಇಷ್ಟು ಗಂಟೆಗೆ. ಅದು ನಮ್ಮ ತಪ್ಪು. ಸಂಜೆ ಬೇರೆ ವಿಮಾನಕ್ಕೆ ಟಿಕೆಟ್ ಮಾಡಿಕೊಟ್ಟವರು ನಿಮ್ಮದೇ ಕೌಂಟರಿನವರು. ಇದರಲ್ಲಿ ಪ್ರಯಾಣಿಕರ ಸ್ವಇಚ್ಛೆ ಯಾವ ನಿಮಿಷದಲ್ಲಿದೆ, ದಯವಿಟ್ಟು ತೋರಿಸಿ. ಕೆಳಗೆ ಕಾಕಾ ತಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಗುಂಡಿ ಒತ್ತಿದ ಬೆರಳನ್ನು ನೋಡಿಕೊಂಡರು, ಕಳಿಸಲು ನನಗೇ ಹೇಳಿದರು.

ನಾಲ್ಕು ದಿನ ಏನೂ ಇಲ್ಲ. ಅಂಕಕ್ಕೆ ಸಿಗುವ ಟಿಕೆಟಿನ ದರ್ಜೆಯಲ್ಲಿ ಭಾನುವಾರದ ಗುವಾಹಟಿ ಸೀಟುಗಳು ನಾಲ್ಕಿದ್ದದ್ದು ಎರಡಾದವು. ದಿನಕ್ಕೆ ಮೂರು ಸಲ ನೋಡುತ್ತಿದ್ದೆ, ನೋಡಿದ ಮಾತ್ರಕ್ಕೆ ಉಳಿಯುತ್ತವೆ ಎಂಬಂತೆ. ಟೀಚರು ಗುವಾಹಟಿಗೆ ಹೊರಟುಹೋದರು. ಐದನೆಯ ದಿನ ದೂರು ವಿಭಾಗದ ಅಧಿಕಾರಿಯೊಬ್ಬರ ಫೋನು ಬಂತು. ನಯವಾದ ಬೆಂಗಳೂರಿನ ಮಾತು.

“ಮೇಡಂ, ನಿಮ್ಮ ಏಜೆನ್ಸಿ ತಪ್ಪು ಮಾಡಿದೆ ಅಂತ ನೀವೇ ಒಪ್ಕೊಂಡಿದ್ದೀರಲ್ವಾ?”

“ಹೌದು.”

“ಹಾಗಾದ್ರೆ ಇದಕ್ಕೆ ನೀವೇ ಜವಾಬ್ದಾರರಾಗ್ತೀರಿ.”

“ನಮ್ಮ ತಪ್ಪಿಗೆ ಜವಾಬ್ದಾರರು. ಏಳು ಮೂವತ್ತೊಂದರ ತಪ್ಪು ಏಳು ಹನ್ನೆರಡಕ್ಕೆ ಹೇಗೆ ಕಾರಣ ಆಗುತ್ತೆ ಸರ್?”

ಆ ಕಡೆ ಕೀಲಿಮಣೆಯ ಸದ್ದು. “ಆ ಹಾಳೆಗಳನ್ನ ಏನೋ ಕಂಬಿಗೆ ಚುಚ್ಚಿದ ಹಾಗಿದೆ...”

“ಚುಚ್ಚಿದ್ದೇವೆ. ನಮ್ಮ ಕಡೆ ದಾಖಲೆ ಹಾಗೇ ಇಡೋದು. ನಿಮ್ಮ ಕಡೆಯ ದಾಖಲೆಯಲ್ಲಿ ರದ್ದತಿಯ ಸಮಯ ಬೇರೆ ಇದ್ರೆ ಹೇಳಿ, ಈಗಲೇ ಕ್ಲೇಮ್ ವಾಪಸ್ ತಗೋತೀನಿ.”

ಇದು ಜೂಜು. ಅವರ ದಾಖಲೆಯಲ್ಲಿ ಏನಿದೆಯೋ ನನಗೆ ಗೊತ್ತಿರಲಿಲ್ಲ. ಮತ್ತೆ ಕೀಲಿಮಣೆ. ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಎಷ್ಟು ಕಷ್ಟವೆಂದು ಎದುರು ಕೂತ ಕಾಕಾನಿಗೆ ಗೊತ್ತಿತ್ತು. ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದರು.

“ಏಳು ಹತ್ತು,” ಎಂದರು ಅಧಿಕಾರಿ ಕೊನೆಗೆ. “ಸಂದೇಶ ಹೋಗೋಕೆ ಎರಡು ನಿಮಿಷ ಆಗಿರಬೇಕು.”

“ಹಾಗಾದ್ರೆ ಇಪ್ಪತ್ತೊಂದು ನಿಮಿಷ, ಸರ್.”

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಪರಿಶೀಲಿಸುತ್ತೇವೆ ಎಂದು ಫೋನು ಇಟ್ಟರು.

ಗುರುವಾರ ಮಧ್ಯಾಹ್ನ ಟೀಚರ ಖಾತೆ ತೆರೆದಾಗ ಹೊಸ ಸಾಲು ಇತ್ತು. ದೆಹಲಿ–ಹೈದರಾಬಾದ್, ಆ ದಿನಾಂಕ, ಮೂಲ ವಿಮಾನದ ಸಂಖ್ಯೆ, ಮೂಲ ದರ್ಜೆ, ಪೂರ್ತಿ ಅಂಕ. ಸೌಜನ್ಯ, ವಿನಾಯಿತಿ, ವಿಶೇಷ ಪ್ರಕರಣ ಎಂಬ ಯಾವ ಬಾಲವೂ ಇರಲಿಲ್ಲ. ಅವರ ದಾಖಲೆಯ ಪ್ರಕಾರ ಈಗ ಟೀಚರು, ನೆಲ ಬಿಟ್ಟೇ ಏಳದ ವಿಮಾನದಲ್ಲಿ ಕೂತು ದೆಹಲಿಯಿಂದ ಬಂದಿದ್ದಾರೆ. ಏನನ್ನೂ ಸುಲಭಕ್ಕೆ ನಂಬದ ನಾನು ಆ ಒಂದು ಸಾಲನ್ನು ಪೂರ್ತಿ ನಂಬಿದೆ. ಉಳಿದಿದ್ದ ಎರಡು ಸೀಟುಗಳಲ್ಲಿ ಒಂದನ್ನು ಹಿಡಿದು, ಹುಡುಗಿಯ ಹೆಸರು ಆಧಾರ್ ಕಾರ್ಡಿನಲ್ಲಿದ್ದಂತೆ ಒಂದೊಂದೇ ಅಕ್ಷರ ಓದಿ ಹಾಕಿದೆ. ಕಾಕಾ ಟಿಕೆಟ್ ಮುದ್ರಿಸಿ, ತಂತಿಗೆ ಒಂದು ಪ್ರತಿ ಏರಿಸಿದರು. ಈ ಸಲ ತಂತಿಯನ್ನು ನಾನೇ ಹಿಡಿದುಕೊಂಡೆ.

ಶನಿವಾರ ಪರೀಕ್ಷೆ ಮುಗಿಸಿ ಹೊರಬಂದ ಹುಡುಗಿಗೆ ಅವಳ ತಾಯಿಯೇ ಗೇಟಿನಲ್ಲಿ ಹೇಳಿದರಂತೆ. ಅವಳು ಕೇಳಿದ ಮೊದಲ ಪ್ರಶ್ನೆ, ಮೈದಾನ ಮಣ್ಣಿನದೋ ಮ್ಯಾಟಿನದೋ ಎಂದು.

ಭಾನುವಾರ ನಮ್ಮ ಕಚೇರಿಗೆ ರಜೆ. ಆದರೂ ಕಾಕಾ ಬಂದು ಬಾಗಿಲು ತೆಗೆದರು. ಮೈಲೂರಿನ ಮನೆಯಿಂದ ನಾನು ಬರುವಷ್ಟರಲ್ಲಿ ಕಂಪ್ಯೂಟರು ಚಾಲೂ ಮಾಡಿ ಕೂತಿದ್ದರು. ಹುಡುಗಿಯ ಜೊತೆ ತಾಯಿಯೂ ಹೈದರಾಬಾದಿಗೆ ಹೋಗಿದ್ದರು. ಒಳಗೆ ಬಿಡುವುದಿಲ್ಲವಲ್ಲ, ನಿಲ್ದಾಣದ ಹೊರಗೆ ನಿಂತು ಹತ್ತು ನಿಮಿಷಕ್ಕೊಮ್ಮೆ ಫೋನು ಮಾಡುತ್ತಿದ್ದರು.

“ಬಾಯಿ, ರದ್ದು ಅಂತ ಬಂದದೇನು?”

“ಇಲ್ರಿ. ಎಲ್ಲಾ ಬರೋಬ್ಬರಿ ಅದಾ.”

“ಆಕಿ ಫೋನ್ ಬಂದ್ ಆಗ್ಯಾದ ನೋಡು.”

“ಒಳಗ ಕುಂತಾಳ್ರಿ. ಅಲ್ಲಿ ಬಂದ್ ಮಾಡಾಕ ಹೇಳ್ತಾರ.”

ಪರದೆಯ ಮೇಲೆ ‘ಬಾಗಿಲು ಮುಚ್ಚಿದೆ’ ಎಂದು ಬಂತು. ಆಮೇಲೆ ಬಹಳ ಹೊತ್ತು ಏನೂ ಬದಲಾಗಲಿಲ್ಲ. ಕಾಕಾ ತಮ್ಮ ಕುರ್ಚಿಯನ್ನು ನನ್ನ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡರು. ಮತ್ತೆ ಫೋನು.

“ಬಾಯಿ?”

“ತಡೀರಿ ಅವ್ವಾ, ಒಂದು ನಿಮಿಷ...” ಸಾಲು ಬದಲಾಯಿತು. “ಹಾರ್ಯಾದ್ರಿ! ಈಗ ಹಾರ್ಯಾದ!”

“ಹಾಂ, ನಂಗ್ ಕಾಣ್ಲತ್ತದ. ಬಿಳೀದು. ಅದೇ ಅಲ್ಲಾ?”

ಆ ನಿಲ್ದಾಣದಿಂದ ಅಷ್ಟು ಹೊತ್ತಿನಲ್ಲಿ ಎಷ್ಟೋ ವಿಮಾನಗಳು ಏಳುತ್ತವೆ, ಎಲ್ಲವೂ ಹೆಚ್ಚುಕಡಿಮೆ ಬಿಳಿಯವೇ. ಅದೇ ಎನ್ನಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ.

“ಅದೇ ರೀ,” ಎಂದೆ.